ತಟ್ಟೆಯನ್ನು ದೂರಕ್ಕೆ ಎಸೆಯುವ ಬಗೆ

ದಾದರಿನ ಶಿವಾಜಿ ಪಾರ್ಕನ್ನು ಅರಿಯದವರು ನಮ್ಮ ವಾಚಕರಲ್ಲಿ ವಿರಳ. ೧೯೨೫ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಮೈದಾನಕ್ಕೆ ಎರಡು ವರ್ಷಗಳ ತರುವಾಯ ಛತ್ರಪತಿಯ ಹೆಸರು ಬಂದಿತು. ಸಚಿನ್ ತೆಂಡುಲ್ಕರರು ಆಚ್ರೇಕರ್ ಗುರುಗಳ ಕಣ್ಣೆದುರಿನಲ್ಲಿ ಬ್ಯಾಟು ಬೀಸಿ ಪಳಗಿದುದೂ ಇಲ್ಲಿಯೇ. ಕ್ರಿಕೆಟ್ಟಿನ ಹೊರತು ಬೇರಾವ ಆಟಕ್ಕೂ ಅಲ್ಲಿ ಅಂಗೈಯಗಲ ಜಾಗವಿಲ್ಲವೆಂದೇ ನಾನು ಬಹುಕಾಲ ನಂಬಿದ್ದೆ. ನಾನಿನ್ನೂ ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ನನ್ನಲ್ಲಿದ್ದ ಮಾಣಿಯೊಬ್ಬನು ಆ ನಂಬಿಕೆಯನ್ನು ಕೆಡಿಸಿದನು.

ಬೈಂದೂರಿನ ಕಡೆಯ ಹುಡುಗ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಆರಂಭವಾಗುವ ನಡುವಣ ಒಂದೂವರೆ ಗಂಟೆಯ ಬಿಡುವಿನಲ್ಲಿ ಉಳಿದವರೆಲ್ಲ ಮಾಳಿಗೆಯಲ್ಲಿ ಅಡ್ಡಾದರೆ, ಇವನು ರಸ್ತೆಬದಿಯಲ್ಲಿ ಕೊಂಡ ಪ್ಲಾಸ್ಟಿಕ್ ತಟ್ಟೆಯೊಂದನ್ನು ಕಂಕುಳಲ್ಲಿರಿಸಿಕೊಂಡು ಬಿಸಿಲಿಗೆ ಓಡುತ್ತಿದ್ದನು. ವಾರ ಕಳೆಯುವುದರೊಳಗೆ ಅವನ ಬಲಭುಜ ಹಿಡಿದುಕೊಂಡಿತು, ಟ್ರೇ ಎತ್ತಲಾಗಲಿಲ್ಲ. “ಆಟ ಆಡೂಕೆ ಬೊಂಬಾಯಿಗೆ ಬಂದದ್ದಾ ನೀನು?” ಎಂದು ಗಲ್ಲಾದ ಮುಂದಿನಿಂದಲೇ ಗದರಿಸಿ, ಅವನ ನಾಲ್ಕು ದಿನಗಳ ಸಂಬಳ ಕಡಿದೆನು. “ದೂರ ಹೋತಿಲ್ಲ ಅಯ್ಯಾ, ಅದ್ಕೇ ಜೋರು ಬಿಸಾಡ್ದೆ” ಎಂದನವನು. ಅವನ ತೊಡಕೆಲ್ಲವೂ ಆ ಒಂದು ಮಾತಿನಲ್ಲಿಯೇ ಇದ್ದಿತೆಂಬುದು ನನಗೆ ಹೊಳೆದುದು ಬಹಳ ತಡವಾಗಿ.

ಈ ತಟ್ಟೆಯ ಹುಟ್ಟು ನಮ್ಮ ವೃತ್ತಿಗೆ ಸಮೀಪದ್ದು. ಅಮೆರಿಕದ ಬ್ರಿಡ್ಜ್‌ಪೋರ್ಟ್ ಪಟ್ಟಣದಲ್ಲಿ ಫ್ರಿಸ್ಬಿ ಎಂಬ ಬೇಕರಿಯಿದ್ದಿತು. ಅದರ ಸಿಹಿತಿಂಡಿಯ ತಗಡಿನ ತಟ್ಟೆಗಳಿಂದಲೇ ಆಟಕ್ಕೆ ಹೆಸರು ಬಂದುದು. ಮಾರಿಸನ್ ಎಂಬವರು ರೂಪಿಸಿದ ಪ್ಲಾಸ್ಟಿಕ್ ತಟ್ಟೆಯನ್ನು ವ್ಯಾಮ್-ಓ ಕಂಪನಿಯು ೧೯೫೭ರಲ್ಲಿ ಮಾರಲಾರಂಭಿಸಿತು. ಅದೇ ಕಂಪನಿಯ ಎಡ್ ಹೆಡ್ರಿಕ್‌ರು ಅದನ್ನು ತಿದ್ದಿ, ೧೯೭೫ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ತಟ್ಟೆಯ ಗಾಲ್ಫಿಗೆ ಮೈದಾನವನ್ನೇ ಕಟ್ಟಿದರು. ಕೋಲು, ಚೆಂಡು, ಗುಳಿ ಇಲ್ಲಿಲ್ಲ. ಸರಪಳಿ ತೂಗುಹಾಕಿದ ಬುಟ್ಟಿಗೆ ತಟ್ಟೆಯನ್ನು ಎಷ್ಟು ಕಡಮೆ ಎಸೆತಗಳಲ್ಲಿ ಬೀಳಿಸಿದಿರಿ ಎಂಬುದೇ ಲೆಕ್ಕ. ಆದುದರಿಂದ ಮೊದಲನೆಯ ದೀರ್ಘ ಎಸೆತಕ್ಕೆ ಅಷ್ಟು ಬೆಲೆ.

ಬರಿಯ ಬಲವೇ ದೂರವಾಗಿದ್ದಲ್ಲಿ ಮಲ್ಲರೇ ಗೆಲ್ಲಬೇಕಿತ್ತು. ೨೦೧೬ರಲ್ಲಿ ಡೇವಿಡ್ ವಿಗಿನ್ಸ್ ಎಂಬ ತರುಣನು ನೆವಾಡಾದ ಮರುಭೂಮಿಯಲ್ಲಿ, ಬೆನ್ನ ಹಿಂದಣ ಗಾಳಿಯ ನೆರವಿನಿಂದ, ಇಂಥ ಹಗುರ ತಟ್ಟೆಯನ್ನು ೩೩೮ ಮೀಟರ್ ಎಸೆದನು. ಎರಡು ಕಿಲೋ ತೂಕದ ಒಲಿಂಪಿಕ್ ತಟ್ಟೆಯಾದರೋ, ಲಿಥುವೇನಿಯಾದ ಅಲೆಕ್ನಾ ೨೦೨೫ರಲ್ಲಿ ವಿಶ್ವದಾಖಲೆ ಮಾಡಿದಾಗಲೂ ೭೫.೫೬ ಮೀಟರೇ ಹೋಯಿತು.

ಭಾರದ ತಟ್ಟೆಯ ವಿಷಯದಲ್ಲಿ ನಮ್ಮವರೂ ಹಿಂದೆ ಬಿದ್ದಿಲ್ಲ. ೧೯೮೩ರಲ್ಲಿ ಮೈಸೂರಿನಲ್ಲಿ ಜನಿಸಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡರು ೨೦೧೨ರಲ್ಲಿ ೬೬.೨೮ ಮೀಟರ್ ಎಸೆದು ರಾಷ್ಟ್ರೀಯ ದಾಖಲೆ ಸ್ಥಾಪಿಸಿದರು. ಅದೇ ವರ್ಷ ಲಂಡನ್ ಒಲಿಂಪಿಕ್ಸಿನಲ್ಲಿ ಎಂಟನೆಯವರಾದರು. ೨೦೧೪ರಲ್ಲಿ ಗ್ಲಾಸ್ಗೋದಲ್ಲಿ ೬೩.೬೪ ಮೀಟರ್ ಎಸೆದು ಕಾಮನ್ವೆಲ್ತ್ ಚಿನ್ನ ಗೆದ್ದಾಗ, ಮಿಲ್ಖಾ ಸಿಂಗರ ೧೯೫೮ರ ಚಿನ್ನದ ಬಳಿಕ ಅಂಗಸಾಧನೆಯಲ್ಲಿ ಭಾರತೀಯ ಪುರುಷನೊಬ್ಬನಿಗೆ ಆ ಕೂಟದಲ್ಲಿ ದೊರೆತ ಮೊದಲ ಚಿನ್ನ ಅದಾಗಿತ್ತು. ಗೌಡರದು ಆರೂವರೆ ಅಡಿಗೂ ಮಿಕ್ಕ ಆಳ್ತನ. ಆದರೂ ಎರಡೂವರೆ ಮೀಟರಿನ ವೃತ್ತದೊಳಗೆ ಅವರು ಒಂದೂವರೆ ಸುತ್ತು ತಿರುಗುವುದನ್ನು ಚಿತ್ರದಲ್ಲಿ ನೋಡಿರಿ: ಕಾಲು ಮೊದಲು, ಸೊಂಟ ಅನಂತರ, ಭುಜ ಅದರ ಹಿಂದೆ, ಕೈ ಎಲ್ಲಕ್ಕಿಂತ ಕಡೆಗೆ.

ಹಗುರ ತಟ್ಟೆಗೂ ಇದೇ ಕ್ರಮ. ಊರಿನಲ್ಲಿ ಬೀಸುಬಲೆ ಹಾಕುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಪಾದವನ್ನು ನೆಲಕ್ಕೆ ಊರಿ, ಸೊಂಟವನ್ನು ಹಿಂದಕ್ಕೆ ತಿರುಚಿ, ಆ ತಿರುಚು ಬಿಚ್ಚಿಕೊಳ್ಳುವಾಗ ಬಲೆಯನ್ನು ಬಿಡುತ್ತಾರೆ. ಬಲೆ ತಿರುಗುತ್ತ ಚಕ್ರಾಕಾರವಾಗಿ ಹರಡುತ್ತದೆ. ಬಲಗೈಯವರು ಬಲಭುಜವನ್ನು ಗುರಿಯ ಕಡೆಗೆ ಮಾಡಿ ಅಡ್ಡನಿಲ್ಲಬೇಕು. ತಟ್ಟೆಯನ್ನು ಹಿಂದಕ್ಕೆ ಚಾಚುವಾಗ ಕಣ್ಣು ಗುರಿಯನ್ನು ಬಿಟ್ಟರೂ ಚಿಂತೆಯಿಲ್ಲ. ಕತ್ತನ್ನು ಬಿಗಿಹಿಡಿದರೆ ಭುಜ ಪೂರ್ತಿ ತಿರುಗದು. ಮುಂದಣ ಪಾದ ನೆಲಕ್ಕೆ ಊರಿದ ಮೇಲೆಯೇ ಸೆಳೆತ. ತಟ್ಟೆ ಎದೆಗೆ ಹತ್ತಿರವಾಗಿ ನೇರ ಗೆರೆಯಲ್ಲಿ ಬರಬೇಕೇ ಹೊರತು ದೇಹವನ್ನು ಬಳಸಿಕೊಂಡು ಬರಕೂಡದು. ಎದೆಯ ತನಕ ಸಾವಕಾಶ. ಅಲ್ಲಿಂದಾಚೆ ಮೊಣಕೈ ಬಿಚ್ಚುವುದು, ಮಣಿಕಟ್ಟು ಚಿಮ್ಮುವುದು ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ. ಬಿಟ್ಟ ತರುವಾಯ ಮುಂದಣ ಪಾದವು ಹಿಮ್ಮಡಿಯ ಮೇಲೆ ತಿರುಗಲಿ, ಇಲ್ಲವಾದರೆ ಮಂಡಿಗೆ ಏಟು.

ನಮ್ಮ ಹುಡುಗ ಮಾಡುತ್ತಿದ್ದುದು ಇದಕ್ಕೆ ತೀರ ವಿರುದ್ಧ. ಪಾದ ಊರುವ ಮೊದಲೇ ತೋಳಿನಿಂದ ಎಳೆಯುತ್ತಿದ್ದನು. ಇಡೀ ಮೈ ಮಾಡಬೇಕಾದ ಕೆಲಸ ಒಂದು ಭುಜದ ಮೇಲೆ ಬಿದ್ದಿತ್ತು.

ಅವನ ಇನ್ನೊಂದು ದೋಷ ಎಲ್ಲ ಹೊಸಬರದ್ದು: ತಟ್ಟೆಯ ಮುಂದಣ ಅಂಚು ಮೇಲಕ್ಕೆ ಏಳುವುದು. ಆಗ ಗಾಳಿಯು ತಟ್ಟೆಯ ತಳಕ್ಕೆ ಬಡಿಯುತ್ತದೆ, ತಟ್ಟೆ ಗಾಳಿಪಟದಂತೆ ಏರಿ, ವೇಗ ಕಳೆದುಕೊಂಡು ಎಡಕ್ಕೆ ಜಾರಿ ಬೀಳುತ್ತದೆ. ಇದಕ್ಕೆ ಮದ್ದು ಮಣಿಕಟ್ಟಿನಲ್ಲಿದೆ. ಅಮೆರಿಕದ ಶಿಕ್ಷಕರು ಹೂಜಿಯಿಂದ ಕಾಫಿ ಬಗ್ಗಿಸುವಂತೆ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಇಳಿಸಿರೆಂದು ಹೇಳಿಕೊಡುವುದುಂಟು. ದಿನಕ್ಕೆ ನೂರಾರು ಲೋಟ ಕಾಫಿ ಬಗ್ಗಿಸುವವನಿಗೆ ಈ ಪಾಠವನ್ನು ಸಮುದ್ರದಾಚೆಯಿಂದ ತರಿಸಬೇಕಾಯಿತಲ್ಲ ಎಂದು ನನಗೆ ನಗು ಬಂದಿತು.

ತಟ್ಟೆ ಗಾಳಿಯಲ್ಲಿ ನಿಲ್ಲುವುದು ಬುಗುರಿಯಂತೆ ತನ್ನ ತಿರುಗಾಟದ ಬಲದಿಂದ. ಮಣಿಕಟ್ಟು ಸೋತರೆ ತಿರುಗಾಟ ಕಡಮೆ, ತಿರುಗಾಟ ಕಡಮೆಯಾದರೆ ತಟ್ಟೆ ತೂರಾಡುತ್ತದೆ. ಚೂಪು ಅಂಚಿನ ದೂರದ ತಟ್ಟೆಗಳು ವೇಗವಿಲ್ಲದ ಕೈಗೆ ಒಗ್ಗುವುದಿಲ್ಲ. ಆರಂಭಕ್ಕೆ ಮೊಂಡು ಅಂಚಿನದೇ ಉತ್ತಮ. ಎದುರುಗಾಳಿಯು ಭಾರದ ತಟ್ಟೆಗೆ ಮಿತ್ರ, ಹಗುರದ್ದಕ್ಕೆ ಶತ್ರು. ಬಲಗೈಯವರ ತಟ್ಟೆಯನ್ನು ಅದು ಬಲಕ್ಕೆ ಮಗುಚುತ್ತದೆ. ಶಿವಾಜಿ ಪಾರ್ಕಿನಲ್ಲಿ ಮಧ್ಯಾಹ್ನದ ಗಾಳಿ ಕಡಲಿನಿಂದ ಬರುವುದರಿಂದ ಪಡುವಣಕ್ಕೆ ಬೆನ್ನುಮಾಡಿ ಎಸೆಯುವುದು ಮೇಲು. ಆದರೆ ಭಾನುವಾರ ಬೇಡ, ಮಕ್ಕಳಿರುವ ದಿಕ್ಕಿಗಂತೂ ಬೇಡವೇ ಬೇಡ. ವೇಗವಾಗಿ ಬಂದ ಅಂಚು ಹುಬ್ಬನ್ನು ಸೀಳಬಲ್ಲದು.

ಭುಜ ಗುಣವಾಗಲು ಮೂರು ವಾರ ಹಿಡಿಯಿತು. ಆಮೇಲೆ ನಾನೂ ಜೊತೆಗೆ ಹೋಗಿ ಹೆಜ್ಜೆಯಿಂದ ಅಳೆದೆನು. ಮೊದಲ ದಿನ ಅರ್ಧ ಬಲದಲ್ಲಿ ೩೪ ಹೆಜ್ಜೆ. ಎರಡು ತಿಂಗಳ ಮೇಲೆ, ಭುಜದಲ್ಲಿ ನೋವಿನ ಸುಳಿವಿಲ್ಲದೆ, ೫೭. ಕಡಿದ ನಾಲ್ಕು ದಿನಗಳ ಸಂಬಳವನ್ನು ಆ ತಿಂಗಳ ಲೆಕ್ಕದಲ್ಲಿ ಸೇರಿಸಿ ಕೊಟ್ಟೆನು. ಅವನು ಅದರಲ್ಲಿ ಇನ್ನೊಂದು ತಟ್ಟೆ ಕೊಂಡು ತಂದನು.