ಗೆದ್ದ ಪಾಳಯದ ಭಿನ್ನಮತೀಯ

ಅಧಿಕಾರ ಕೈತಪ್ಪಿದ ಮೇಲೆ ಅದರ ಕೆಡುಕುಗಳನ್ನು ಕಂಡುಕೊಂಡವರಿಗೆ ಯಾವ ದೇಶದಲ್ಲೂ ಬರವಿಲ್ಲ. ಕುರ್ಚಿಯಲ್ಲಿ ಕೂತಿರುವಾಗಲೇ ಕಂಡು, ಕಂಡದ್ದನ್ನು ಬರೆದು, ಬರೆದದ್ದಕ್ಕಾಗಿ ಕುರ್ಚಿಯನ್ನೂ ಸ್ವಾತಂತ್ರ್ಯವನ್ನೂ ಕಳೆದುಕೊಂಡವರು ಬಹಳ ವಿರಳ. ಯುಗೊಸ್ಲಾವಿಯಾದ ಮಿಲೋವಾನ್ ಜಿಲಾಸ್ ಅಂಥವರಲ್ಲಿ ಒಬ್ಬರು. ನೆಹರೂ ಮತ್ತು ಅಲ್ಲಿನ ನಾಯಕ ಟಿಟೊ ಅವರ ಗೆಳೆತನದ ಕಾಲವನ್ನು ಕಂಡ ನಮ್ಮ ಹಿರಿಯರಿಗೆ ಆ ದೇಶ ಅಲಿಪ್ತ ನೀತಿಯ ದೊಡ್ಡ ಹೆಸರು. ಅದೇ ಟಿಟೊ ಅವರ ಬಲಗೈಯಂತಿದ್ದ ಜಿಲಾಸ್ 1953ರ ಡಿಸೆಂಬರ್‌ನಲ್ಲಿ ದೇಶದ ಸಂಸತ್ತಿನ ಅಧ್ಯಕ್ಷರಾದರು. ಮುಂದಿನ ತಿಂಗಳು ಮುಗಿಯುವಷ್ಟರಲ್ಲಿ ಅವರ ಕೈಯಲ್ಲಿ ಯಾವ ಹುದ್ದೆಯೂ ಉಳಿದಿರಲಿಲ್ಲ. ಅವರ ಬದುಕು ಮುಖ್ಯವಾಗುವುದು ಈ ಪತನದ ನಾಟಕೀಯತೆಯಿಂದಲ್ಲ. ಕ್ರಾಂತಿ ಮಾಡಿದವರೇ ಹೊಸ ಒಡೆಯರಾಗುವುದು ಕೆಲವರ ದುರಾಸೆಯ ಫಲವಲ್ಲ, ಪ್ರಶ್ನಿಸುವವರಿಲ್ಲದ ವ್ಯವಸ್ಥೆಯ ಫಲ ಎಂದು ಅವರು ವಾದಿಸಿದರು. ಆ ವಾದಕ್ಕೆ ಅವರ ಬದುಕೇ ಪುರಾವೆಯಾಯಿತು.

ಜಿಲಾಸ್ ಹುಟ್ಟಿದ್ದು 1911ರಲ್ಲಿ, ಮಾಂಟೆನೆಗ್ರೊದ ಗುಡ್ಡಗಾಡು ಹಳ್ಳಿಯೊಂದರಲ್ಲಿ. ಸಾಹಿತ್ಯ ಓದಲು ಬೆಲ್‌ಗ್ರೇಡ್‌ಗೆ ಬಂದ ಹುಡುಗ 1932ರಲ್ಲಿ ನಿಷೇಧಿತ ಕಮ್ಯುನಿಸ್ಟ್ ಪಕ್ಷ ಸೇರಿದ. ರಾಜಪ್ರಭುತ್ವದ ಪೊಲೀಸರು ಹಿಡಿದು ಮೂರು ವರ್ಷ ಜೈಲಿಗೆ ಹಾಕಿದರು. ಬಿಡುಗಡೆಯ ನಂತರ ಟಿಟೊ ಅವರ ಒಳವಲಯ ಸೇರಿದ ಜಿಲಾಸ್, ನಾಜಿಗಳ ವಿರುದ್ಧದ ಗೆರಿಲ್ಲಾ ಯುದ್ಧದ ಮುಂಚೂಣಿಯಲ್ಲಿದ್ದರು. ಆ ಯುದ್ಧ ಅವರ ಸ್ವಂತ ಕುಟುಂಬದವರನ್ನೂ ಬಲಿ ತೆಗೆದುಕೊಂಡಿತು. 1944ರಿಂದ 1948ರ ನಡುವೆ ಮೂರು ಬಾರಿ ಮಾಸ್ಕೊಗೆ ಹೋಗಿ ಸ್ಟಾಲಿನ್ ಎದುರು ಕೂತರು. ಯುಗೊಸ್ಲಾವಿಯಾಕ್ಕೆ ಬಂದ ಸೋವಿಯತ್ ಸೈನಿಕರು ಹೆಂಗಸರ ಮೇಲೆ ನಡೆಸಿದ ಅತ್ಯಾಚಾರಗಳ ಬಗ್ಗೆ ಜಿಲಾಸ್ ದೂರಿದ್ದು ಸ್ಟಾಲಿನ್‌ಗೆ ಹಿಡಿಸಲಿಲ್ಲ. ಸಾವಿರಾರು ಮೈಲಿ ಹೋರಾಡಿ ಬಂದ ಸೈನಿಕನನ್ನು ಅರ್ಥ ಮಾಡಿಕೊಳ್ಳಬೇಕೆಂಬುದು ಅವರ ಉತ್ತರವಾಗಿತ್ತು. ದೇವರಂತೆ ನಂಬಿದ್ದ ನಾಯಕನಲ್ಲಿ ಜಿಲಾಸ್‌ಗೆ ಕಂಡ ಮೊದಲ ಬಿರುಕುಗಳಲ್ಲಿ ಇದೂ ಒಂದು. 1948ರ ಜೂನ್‌ನಲ್ಲಿ ಸ್ಟಾಲಿನ್ ಯುಗೊಸ್ಲಾವಿಯಾವನ್ನು ಕಮ್ಯುನಿಸ್ಟ್ ಬಳಗದಿಂದ ಹೊರಹಾಕಿದರು. ಸೋವಿಯತ್ ವ್ಯವಸ್ಥೆ ಎಲ್ಲಿ ಹಾದಿ ತಪ್ಪಿತು ಎಂದು ವಿವರಿಸುವ ಹೊಣೆ ಪಕ್ಷದ ಪ್ರಚಾರದ ಹೊಣೆ ಹೊತ್ತಿದ್ದ ಜಿಲಾಸ್ ಪಾಲಿಗೂ ಬಂತು. ಆ ಕೆಲಸ ಮಾಡುತ್ತಲೇ, ಮಾಸ್ಕೊದ ರೋಗ ಬೆಲ್‌ಗ್ರೇಡ್‌ನಲ್ಲೂ ಇದೆಯೆಂಬುದು ಅವರಿಗೆ ಮನದಟ್ಟಾಯಿತು.

1953ರ ಅಕ್ಟೋಬರ್‌ನಿಂದ ಪಕ್ಷದ ಪತ್ರಿಕೆ ‘ಬೋರ್ಬಾ’ದಲ್ಲೇ ಅವರು ಸಾಲು ಲೇಖನ ಬರೆದರು. ಹಳೆಯ ಜಮೀನ್ದಾರರು, ಬಂಡವಾಳಗಾರರು ಸೋತು ಮೂಲೆ ಸೇರಿದ್ದಾರೆ, ಈಗಿನ ಅಪಾಯ ಅಧಿಕಾರಶಾಹಿಯದು, ಪಕ್ಷ ಆಜ್ಞೆ ಕೊಡುವುದನ್ನು ಬಿಟ್ಟು ಚರ್ಚೆಗೆ ಇಳಿಯಲಿ ಎಂಬುದು ಆ ಲೇಖನಗಳ ಸಾರ. ಇಷ್ಟನ್ನು ಪಕ್ಷ ಹೇಗೋ ಸಹಿಸಿತು. ಸಹಿಸಲಾಗದ್ದು 1954ರ ಜನವರಿಯಲ್ಲಿ ‘ನೋವಾ ಮಿಸಾವೊ’ ಎಂಬ ಮಾಸಿಕದಲ್ಲಿ ಬಂದ ಬರಹ. ಯುದ್ಧವೀರನೊಬ್ಬ ತರುಣ ನಟಿಯನ್ನು ಮದುವೆಯಾಗಿದ್ದ. ಯುದ್ಧದಲ್ಲಿ ಪಾಲ್ಗೊಳ್ಳದ ಈ ಹುಡುಗಿ ತಮ್ಮ ಸಾಲಿನಲ್ಲಿ ಕೂರಲು ಯೋಗ್ಯಳಲ್ಲವೆಂದು ಪಕ್ಷದ ದೊಡ್ಡವರ ಹೆಂಡಂದಿರು ಅವಳನ್ನು ಮಾತಾಡಿಸದೆ ದೂರವಿಟ್ಟರು. ಜಿಲಾಸ್ ಹೆಸರು ಹೇಳದೆ ಇದನ್ನು ಬರೆದರು, ಆದರೆ ಬೆಲ್‌ಗ್ರೇಡ್‌ನಲ್ಲಿ ಯಾರಿಗೂ ಹೆಸರು ಬೇಕಿರಲಿಲ್ಲ. ಸಮಾನತೆಗಾಗಿ ಕಾಡು ಅಲೆದವರ ಮನೆಗಳಲ್ಲಿ ಎಂಟೇ ವರ್ಷಕ್ಕೆ ಹೊಸದೊಂದು ಮೇಲ್ಜಾತಿ ಹುಟ್ಟಿಕೊಂಡಿತ್ತು. ಸಿದ್ಧಾಂತದ ಟೀಕೆಗೆ ಮೈ ಮರಗಟ್ಟಿಸಿಕೊಂಡಿದ್ದವರನ್ನು ಈ ಸಣ್ಣ ಸಂಗತಿ ಚುಚ್ಚಿತು. ಅದೇ ತಿಂಗಳು ಕೇಂದ್ರ ಸಮಿತಿ ಸಭೆ ಸೇರಿ ಜಿಲಾಸ್ ಅವರನ್ನು ಹೊರಹಾಕಿತು. ಗೆಳೆಯ ವ್ಲಾದಿಮಿರ್ ದೆದಿಯೆರ್ ಮತ್ತು ಮಾಜಿ ಪತ್ನಿ ಮಿತ್ರಾ ಮಿತ್ರೋವಿಚ್ ಜಿಲಾಸ್ ಪರ ಮಾತಾಡಿದರು. ನಿನ್ನೆಯವರೆಗೆ ಲೇಖನಗಳನ್ನು ಹೊಗಳುತ್ತಿದ್ದ ಹಲವರು ದನಿ ಬದಲಿಸಿದರು.

ಅಲ್ಲಿಂದ ಮುಂದೆ ಒಂದೊಂದು ಬರಹಕ್ಕೂ ಒಂದೊಂದು ಶಿಕ್ಷೆ. 1956ರಲ್ಲಿ ಹಂಗೇರಿಯ ದಂಗೆಯನ್ನು ಬೆಂಬಲಿಸಿ ಅಮೆರಿಕದ ಪತ್ರಿಕೆಯೊಂದಕ್ಕೆ ಲೇಖನ ಬರೆದಾಗ ಮೂರು ವರ್ಷದ ಸಜೆಯಾಯಿತು. ರಾಜನ ಕಾಲದಲ್ಲಿ ಕಮ್ಯುನಿಸ್ಟನೆಂದು ಅವರನ್ನು ಕೂಡಿಹಾಕಿದ್ದ ಸ್ರೆಮ್‌ಸ್ಕಾ ಮಿತ್ರೋವಿತ್ಸಾ ಜೈಲಿಗೇ ಈಗ ಕಮ್ಯುನಿಸ್ಟರು ಕಳಿಸಿದರು. 1957ರಲ್ಲಿ ಅವರ ‘ನವ ವರ್ಗ’ ಪುಸ್ತಕ ನ್ಯೂಯಾರ್ಕ್‌ನಲ್ಲಿ ಪ್ರಕಟವಾದಾಗ ಶಿಕ್ಷೆ ಇನ್ನಷ್ಟು ಬೆಳೆಯಿತು. 1961ರಲ್ಲಿ ಬಿಡುಗಡೆಯಾದರೂ, ‘ಸ್ಟಾಲಿನ್ ಜೊತೆ ಸಂಭಾಷಣೆಗಳು’ ಪುಸ್ತಕದ ಕಾರಣಕ್ಕೆ 1962ರಲ್ಲಿ ಮತ್ತೆ ಬಂಧನ, 1966ರ ಕೊನೆಯ ದಿನದವರೆಗೆ ಸೆರೆವಾಸ. ಅಲ್ಲಿ ಅವರು ಮಿಲ್ಟನ್‌ನ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯವನ್ನು ಶೌಚದ ಕಾಗದದ ಮೇಲೆ ಬರೆಯುತ್ತ ತಮ್ಮ ಭಾಷೆಗೆ ತಂದರು. ರಾಜನ ಜೈಲಿನಲ್ಲಿ ಮೂರು ವರ್ಷ ಕಳೆದವರು ಸಂಗಾತಿಗಳ ಜೈಲಿನಲ್ಲಿ ಹತ್ತಿರಹತ್ತಿರ ಒಂಬತ್ತು ವರ್ಷ ಕಳೆದರು.

‘ನವ ವರ್ಗ’ದ ತಿರುಳು ಹೇಳಲು ಕಷ್ಟವಲ್ಲ. ಕಾನೂನಿನ ಕಾಗದದಲ್ಲಿ ಕಾರ್ಖಾನೆ, ಗಣಿ, ಹೊಲ ಎಲ್ಲವೂ ಜನರದು. ಆದರೆ ಅದನ್ನು ಹೇಗೆ ಬಳಸಬೇಕು, ಹುಟ್ಟುವಳಿ ಯಾರಿಗೆ ಹೋಗಬೇಕು, ಯಾರಿಗೆ ಕೆಲಸ ಸಿಗಬೇಕು ಎಂದು ತೀರ್ಮಾನಿಸುವವರು ಪಕ್ಷದ ಅಧಿಕಾರಿಗಳು. ತೀರ್ಮಾನಿಸುವ ಹಕ್ಕು ಯಾರದೋ ಒಡೆತನ ಅವರದೇ. ಹೀಗೆ ಹುದ್ದೆಯೇ ಆಸ್ತಿಯಾಗುತ್ತದೆ, ಬಂಗಲೆ, ಕಾರುಗಳು ಅದರ ಬಡ್ಡಿಯಂತೆ ಹಿಂಬಾಲಿಸುತ್ತವೆ. ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಅಧಿಕಾರಿ ತನ್ನ ಹುದ್ದೆಯನ್ನು ಮಗನ ಹೆಸರಿಗೆ ಬರೆದುಕೊಡಲಾರ, ಹಾಗಾಗಿ ಇದು ಭ್ರಷ್ಟ ನೌಕರರ ಗುಂಪೇ ಹೊರತು ವರ್ಗವಲ್ಲ ಎಂದು ಮಾರ್ಕ್ಸ್‌ವಾದಿಗಳೇ ವಾದಿಸಿದ್ದಾರೆ. ಅಧಿಕಾರಶಾಹಿಯನ್ನು ಜಿಲಾಸ್‌ಗಿಂತ ಎರಡು ದಶಕ ಮೊದಲೇ ಟೀಕಿಸಿದ ಟ್ರಾಟ್‌ಸ್ಕಿ ಕೂಡ ಅದನ್ನು ವರ್ಗವೆಂದು ಒಪ್ಪಲಿಲ್ಲ. ಪದದ ಮಟ್ಟಿಗೆ ಈ ಆಕ್ಷೇಪ ಸರಿಯಿರಬಹುದು. ಆದರೆ ಒಳಗೆ ಯಾರು ಬರಬೇಕೆಂದು ತಾನೇ ನಿರ್ಧರಿಸುವ, ಪ್ರಶ್ನಿಸಿದವರನ್ನು ತಾನೇ ವಿಚಾರಿಸಿ ತಾನೇ ಶಿಕ್ಷಿಸುವ ಗುಂಪಿಗೆ ಉಯಿಲಿನ ಅಗತ್ಯ ಬೀಳುವುದಿಲ್ಲ.

ಇನ್ನೊಂದು ಆಕ್ಷೇಪ ಅವರ ನೈತಿಕತೆಯ ಬಗ್ಗೆ. 1941ರಲ್ಲಿ ಮಾಂಟೆನೆಗ್ರೊದಲ್ಲಿ ಕಮ್ಯುನಿಸ್ಟರು ವಿರೋಧಿಗಳನ್ನು ಕೊಂದಾಗ ಅಲ್ಲಿನ ಮುಖಂಡರಲ್ಲಿ ಜಿಲಾಸ್ ಇದ್ದರು. ಯುದ್ಧಾನಂತರ ಲೇಖಕರ ಬಾಯಿ ಕಟ್ಟಿದ ಪ್ರಚಾರ ವಿಭಾಗ ಅವರ ಕೈಯಲ್ಲಿತ್ತು. ಸ್ಟಾಲಿನ್ ಪರರೆಂದು ಶಂಕಿಸಿದ ಸಾವಿರಾರು ಜನರನ್ನು ಗೋಲಿ ಒಟೊಕ್ ಸೆರೆದ್ವೀಪಕ್ಕೆ ಅಟ್ಟಿದಾಗಲೂ ಅವರು ಸರ್ಕಾರದಲ್ಲಿದ್ದರು. 1954ರ ಸಭೆಯಲ್ಲಿ ಕೂಡ ಒತ್ತಡಕ್ಕೆ ಬಗ್ಗಿ ಅರ್ಧಂಬರ್ಧ ತಪ್ಪೊಪ್ಪಿಕೊಂಡಿದ್ದರು. ಇವೆಲ್ಲ ನಿಜ, ಅವರನ್ನು ಸಂತರನ್ನಾಗಿ ಮಾಡಬೇಕಿಲ್ಲ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದ ಬಗೆಯನ್ನು ಒಂದು ಕಾಲಕ್ಕೆ ಬೇಲಿಯಾಗಿದ್ದವರಷ್ಟು ಖಚಿತವಾಗಿ ಇನ್ಯಾರು ಹೇಳಬಲ್ಲರು? ಸಾಕ್ಷಿ ಹೇಳುವವನ ಕೈ ಶುದ್ಧವಿರಬೇಕೆಂಬ ನಿಯಮ ನ್ಯಾಯಾಲಯದಲ್ಲೂ ಇಲ್ಲ, ಮಾತು ನಿಜವೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಶೀತಲ ಸಮರದಲ್ಲಿ ಅಮೆರಿಕ ಅವರ ಪುಸ್ತಕವನ್ನು ಅಸ್ತ್ರವಾಗಿ ಬಳಸಿತು ಎಂಬ ದೂರಿಗೂ ಇದೇ ಉತ್ತರ. ಹಂಗೇರಿಯ ದಂಗೆಯ ಕಾಲದ ಪ್ರಧಾನಿ ಇಮ್ರೆ ನಾಗಿಯನ್ನು 1958ರಲ್ಲಿ ಗಲ್ಲಿಗೇರಿಸಿದ್ದನ್ನು ನೆನೆದರೆ ಟಿಟೊ ಉದಾರಿಯಾಗಿ ಕಾಣಬಹುದು. ಆದರೆ ನೇಣಿಲ್ಲದಿರುವುದೇ ಸ್ವಾತಂತ್ರ್ಯದ ಅಳತೆಯಾಗಬಾರದು.

ಸೆರೆಯಿಂದ ಬಂದ ಮೇಲೂ ಜಿಲಾಸ್ ದೇಶ ಬಿಟ್ಟು ಹೋಗಿ ನೆಲೆಸಲಿಲ್ಲ. ಬೆಲ್‌ಗ್ರೇಡ್‌ನಲ್ಲೇ ಕೂತು ಆತ್ಮಕಥೆ, ಯುದ್ಧದ ನೆನಪುಗಳು, ಕಥೆ, ಕಾದಂಬರಿ ಬರೆದರು. ಕೊನೆಗಾಲದಲ್ಲಿ ಮಿಲೊಶೆವಿಚ್‌ನ ಸರ್ಬಿಯನ್ ರಾಷ್ಟ್ರೀಯವಾದವನ್ನೂ ವಿರೋಧಿಸಿದರು. ದೇಶ ಛಿದ್ರವಾಗಿ ಯುದ್ಧ ನಡೆಯುತ್ತಿದ್ದ 1995ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಸಿದ್ಧಾಂತದಲ್ಲಿ ತಿದ್ದಬೇಕಾದ್ದು ಇರಬಹುದು, ಎಚ್ಚರಿಕೆ ಮಾತ್ರ ಹಳತಾಗಿಲ್ಲ. ಜನರ ಹೆಸರಿನಲ್ಲಿ ಅಧಿಕಾರ ಹಿಡಿದ ಯಾವ ಪಕ್ಷವನ್ನಾದರೂ, ಅದರ ಬಾವುಟದ ಬಣ್ಣ ಯಾವುದೇ ಇರಲಿ, ಅಳೆಯಬೇಕಾದದ್ದು ಅದರ ಘೋಷಣೆಯಿಂದಲ್ಲ, ತನ್ನವನೇ ಎದ್ದು ಪ್ರಶ್ನೆ ಕೇಳಿದಾಗ ಅದು ಏನು ಮಾಡುತ್ತದೆ ಎಂಬುದರಿಂದ.