ಓಟಿಪಿ ಹೇಳದಿದ್ದರೂ ಹಣ ಹೋದದ್ದು ಹೇಗೆ?

ಹೋದ ಸುಗ್ಗಿಯ ಮಾತು. ಅಕ್ಕಲಕೋಟ ತಾಲ್ಲೂಕಿನ ನಮ್ಮ ಪಕ್ಕದ ಹಳ್ಳಿಯ ಹೆಣ್ಣುಮಗಳೊಬ್ಬರು ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ತೊಗರಿ ಮಾರಿ ಖಾತೆಯಲ್ಲಿ ಇಟ್ಟಿದ್ದ 38,000 ರೂಪಾಯಿ ಒಂದೇ ರಾತ್ರಿಯಲ್ಲಿ ಹೋಗಿತ್ತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಹಾಗಾಗಿ ಇಂಥ ಕಷ್ಟ ಬಂದವರು ಮೊದಲು ನಮ್ಮ ಕಟ್ಟೆಗೇ ಬರುತ್ತಾರೆ. ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ನಾನು ಅವರನ್ನೂ ಕೇಳಿದೆ.

"ಅಕ್ಕಾರ, ಯಾರಿಗರೆ ಓಟಿಪಿ ಹೇಳಿದ್ರೇನು?"

"ಇಲ್ಲರೀ ಅಣ್ಣಾರ, ದೇವರಾಣಿ ಹೇಳಿಲ್ಲ. ಹೇಳಬ್ಯಾಡ್ರಿ ಅಂತ ಎಲ್ಲಾರೂ ಅಂತಿದ್ರಲ್ಲ, ಅದಕ್ಕ ಯಾರಿಗೂ ಹೇಳಿಲ್ಲ. ಫೋನೂ ಬಂದಿಲ್ಲ."

ಅವರು ಹೇಳಿದ್ದು ನಿಜವಾಗಿತ್ತು. ಓಟಿಪಿಯನ್ನು ಅವರು ಹೇಳಿರಲಿಲ್ಲ. ಅವರ ಕೈಯಲ್ಲಿದ್ದ ಮೊಬೈಲೇ ಹೇಳಿಬಿಟ್ಟಿತ್ತು. ಇದು ಹೇಗಾಗುತ್ತದೆ, ಇದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಅವರ ಮೊಬೈಲ್ ತೆಗೆದು ನೋಡಿದೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಫೈಲು ಬಂದಿತ್ತು. ಅದರ ಹೆಸರು 'ಪಿಎಂ ಕಿಸಾನ್ ಯಾದಿ'. ಹೆಸರಿನ ಕೊನೆಗೆ ಒಂದು ಚುಕ್ಕೆ, ಆಮೇಲೆ ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ. ಈ ಮೂರು ಅಕ್ಷರವನ್ನು ಚೆನ್ನಾಗಿ ನೆನಪಿನಲ್ಲಿಡಿ. ಫೋಟೋ ಇರುವ ಫೈಲಿನ ಕೊನೆಗೆ ಸಾಮಾನ್ಯವಾಗಿ ಜೆಪಿಜಿ ಎಂದಿರುತ್ತದೆ. ಓದುವ ಕಾಗದವಾದರೆ ಪಿಡಿಎಫ್ ಎಂದಿರುತ್ತದೆ. ಎಪಿಕೆ ಎಂದರೆ ಫೋಟೋ ಅಲ್ಲ, ಯಾದಿಯೂ ಅಲ್ಲ. ಆಂಡ್ರಾಯ್ಡ್ ಮೊಬೈಲಿನೊಳಗೆ ಹೊಸ ಆ್ಯಪ್ ಒಂದನ್ನು ಕೂಡಿಸುವ ಗಂಟು ಅದು. ಹಣದ ಯಾದಿ ನೋಡಲು ಗಂಟು ಬಿಚ್ಚಿದರೆ ಒಳಗಿನಿಂದ ಕಳ್ಳ ಎದ್ದು ಬರುತ್ತಾನೆ.

ಇದೇ ಗಂಟು ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ. ಒಮ್ಮೆ ಮದುವೆಯ ಆಮಂತ್ರಣ ಪತ್ರಿಕೆ, ಒಮ್ಮೆ ಗಾಡಿಯ ದಂಡದ ಚಲನ್, ಒಮ್ಮೆ ಬ್ಯಾಂಕಿನ ಕೆವೈಸಿ, ಮತ್ತೊಮ್ಮೆ ಕರೆಂಟ್ ಬಿಲ್ಲು. ಮದುವೆ ಕರೆಯೋಲೆಯ ಹೆಸರಿನಲ್ಲಿ ಬರುವ ಫೈಲುಗಳ ಬಗ್ಗೆ ಹಿಮಾಚಲ ಪ್ರದೇಶದ ಪೊಲೀಸರು 2024ರಲ್ಲಿಯೇ ಜನರಿಗೆ ಎಚ್ಚರಿಕೆ ಕೊಟ್ಟಿದ್ದರು. ಕಳಿಸಿದವರು ನಿಮ್ಮ ಸೋದರಮಾವನೇ ಆಗಿರಬಹುದು. ಅವರ ಮೊಬೈಲಿಗೆ ಈ ರೋಗ ತಗುಲಿದ ಮೇಲೆ ಅವರಿಗೆ ಗೊತ್ತಿಲ್ಲದಂತೆ ಅವರ ಹೆಸರಿನಿಂದಲೇ ಎಲ್ಲರಿಗೂ ಹೋಗುತ್ತದೆ. ಆದ್ದರಿಂದ ಪರಿಚಯದವರು ಕಳಿಸಿದ್ದಾರೆ ಎಂಬುದು ಭರವಸೆಯ ಮಾತಲ್ಲ.

ಇನ್ನು ಹಣ ಹೋಗುವ ಬಗೆ. ಇದನ್ನು ಬ್ಯಾಂಕಿನ ಒಂದು ಪದ್ಧತಿಯಿಂದ ವಿವರಿಸುತ್ತೇನೆ. ಶಾಖೆಯ ನಗದು ಪೆಟ್ಟಿಗೆಗೆ ಎರಡು ಕೀಲಿಕೈ ಇರುತ್ತವೆ. ಒಂದು ಕ್ಯಾಶಿಯರರ ಹತ್ತಿರ, ಇನ್ನೊಂದು ಮ್ಯಾನೇಜರರ ಹತ್ತಿರ. ಇದಕ್ಕೆ ಜಂಟಿ ವಶ ಎನ್ನುತ್ತಾರೆ. ಇಬ್ಬರೂ ಬಂದು ನಿಲ್ಲದೆ ಪೆಟ್ಟಿಗೆ ತೆರೆಯದು. ಒಬ್ಬರೇ ಎರಡೂ ಕೀಲಿಕೈ ಇಟ್ಟುಕೊಂಡರೆ ನಮ್ಮಲ್ಲಿ ಅದು ದೊಡ್ಡ ತಪ್ಪು. ಮೊಬೈಲಿನ ಬ್ಯಾಂಕ್ ವ್ಯವಹಾರಕ್ಕೂ ಹೀಗೆಯೇ ಎರಡು ಕೀಲಿಕೈ ಇವೆ. ಒಂದು ನಿಮಗೆ ಮಾತ್ರ ತಿಳಿದಿರುವ ಸಂಗತಿ, ಅಂದರೆ ಪಿನ್ನು, ಪಾಸ್‌ವರ್ಡ್, ಎಟಿಎಂ ಕಾರ್ಡಿನ ವಿವರ. ಇನ್ನೊಂದು ನಿಮ್ಮ ಸಿಮ್ಮಿಗೆ ಬರುವ ಓಟಿಪಿ.

ಆ ಕಳ್ಳ ಆ್ಯಪ್ ಮಾಡುವುದು ಎರಡು ಕೆಲಸ. ಮೊದಲು ಸರ್ಕಾರದ್ದೋ ಬ್ಯಾಂಕಿನದೋ ಎಂಬಂತೆ ಕಾಣುವ ಒಂದು ಅರ್ಜಿಯನ್ನು ತೋರಿಸಿ ಹೆಸರು, ಆಧಾರ್ ನಂಬರು, ಕಾರ್ಡಿನ ನಂಬರು, ಪಿನ್ನು ತುಂಬಿಸಿಕೊಳ್ಳುತ್ತದೆ. ಅಲ್ಲಿಗೆ ಒಂದು ಕೀಲಿಕೈ ಹೋಯಿತು. ಆಮೇಲೆ ನಿಮ್ಮ ಮೆಸೇಜುಗಳನ್ನು ಓದುವ ಪರವಾನಗಿ ಕೇಳುತ್ತದೆ. ಅದನ್ನು ಕೊಟ್ಟರೆ ಎರಡನೆಯದೂ ಹೋಯಿತು. ದೂರದಲ್ಲಿ ಕುಳಿತವನು ನಿಮ್ಮ ಹೆಸರಿನಲ್ಲಿ ವ್ಯವಹಾರ ಶುರುಮಾಡುತ್ತಾನೆ, ಓಟಿಪಿ ನಿಮ್ಮ ಮೊಬೈಲಿಗೆ ಬರುತ್ತದೆ, ಆ ಕ್ಷಣದಲ್ಲಿಯೇ ಆ್ಯಪ್ ಅದನ್ನು ಅವನಿಗೆ ಕಳಿಸಿಬಿಡುತ್ತದೆ. ನೀವು ಊಟ ಮಾಡುತ್ತಿರುತ್ತೀರಿ ಅಥವಾ ಮಲಗಿರುತ್ತೀರಿ. ಜಂಟಿ ವಶದ ಎರಡು ಕೀಲಿಕೈಯೂ ಒಬ್ಬನ ಕೈಯಲ್ಲಿ ಸೇರಿದವು.

ಇಂಥ ಆ್ಯಪ್‌ಗಳಲ್ಲಿ ಕೆಲವು 'ಆ್ಯಕ್ಸೆಸಿಬಿಲಿಟಿ' ಎಂಬ ಇನ್ನೊಂದು ಪರವಾನಗಿಯನ್ನೂ ಕೇಳುತ್ತವೆ. ಕಣ್ಣು ಕಾಣದವರ ಮುಂತಾದವರ ಅನುಕೂಲಕ್ಕೆಂದು ಮಾಡಿದ ಸೌಲಭ್ಯ ಅದು. ಅದು ಕಳ್ಳ ಆ್ಯಪ್‌ಗೆ ಸಿಕ್ಕರೆ ಪರದೆಯ ಮೇಲಿರುವುದನ್ನು ಓದುತ್ತದೆ, ನಿಮ್ಮ ಬದಲು ತಾನೇ ಬಟನ್ ಒತ್ತುತ್ತದೆ.

ಆದರೆ ಒಂದು ಸಮಾಧಾನದ ಮಾತಿದೆ. ಫೈಲು ಬಂದ ಮಾತ್ರಕ್ಕೆ ಹಣ ಹೋಗುವುದಿಲ್ಲ. ಅದು ಒಳಗೆ ಬರಲು ಮೂರು ಬಾಗಿಲು ದಾಟಬೇಕು. ಮೊದಲನೆಯ ಬಾಗಿಲಿನಲ್ಲಿ, ವಾಟ್ಸಾಪಿನಿಂದ ಬಂದ ಅಪರಿಚಿತ ಆ್ಯಪ್ ಕೂಡಿಸಲು ಒಪ್ಪಿಗೆ ಇದೆಯೇ ಎಂದು ಮೊಬೈಲು ಕೇಳುತ್ತದೆ. ಎರಡನೆಯದರಲ್ಲಿ, ಇನ್‌ಸ್ಟಾಲ್ ಮಾಡಲೇ ಎಂದು ಕೇಳುತ್ತದೆ. ಎಷ್ಟೋ ಸಲ ಇದು ಅಪಾಯದ್ದು ಎಂದು ಎಚ್ಚರಿಸುವುದೂ ಉಂಟು. ಮೂರನೆಯದರಲ್ಲಿ, ಈ ಆ್ಯಪ್ ನಿಮ್ಮ ಮೆಸೇಜು ಓದಲೇ ಎಂದು ಕೇಳುತ್ತದೆ. ಮೂರೂ ಕಡೆ ಒಪ್ಪಿದವರು ನಾವೇ. ಆ ಅಕ್ಕನವರನ್ನು ಕೇಳಿದಾಗ, "ಅದೇನೋ ಇಂಗ್ಲಿಷಿನ್ಯಾಗ ಬಂತರೀ, ಹೋ ಹೋ ಅಂತ ಒತ್ತಿದೆ" ಎಂದರು.

ಬಾಂಧವರೇ, ಈ 'ಹೋ' ಎನ್ನುವ ಮಾತು ಗಡಿಯ ನಮ್ಮೆಲ್ಲರ ಅಭ್ಯಾಸ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಬ್ಯಾಂಕಿನ ಕಾಗದ ಇಂಗ್ಲಿಷಿನಲ್ಲಿ. ತಲಾಠಿಯೆದುರು ನಿಂತಾಗ ಪೂರ್ತಿ ತಿಳಿಯದಿದ್ದರೂ ಮತ್ತೆ ಕೇಳಲು ಸಂಕೋಚಪಟ್ಟು 'ಹೋ ಸಾಹೇಬ' ಎಂದುಬಿಡುತ್ತೇವೆ. ಕೌಂಟರಿನ ಈಚೆ ಕುಳಿತು ನಾನೂ ಇದನ್ನು ವರ್ಷಗಟ್ಟಲೆ ನೋಡಿದ್ದೇನೆ. ಅರ್ಜಿಯಲ್ಲಿ ಏನಿದೆ ಎಂದು ಕೇಳದೆ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು. ಅಲ್ಲಿ ಒಬ್ಬ ಗುಮಾಸ್ತನಾದರೂ ಇರುತ್ತಿದ್ದ, ತಪ್ಪಿದ್ದರೆ ತಿದ್ದುತ್ತಿದ್ದ. ಮೊಬೈಲಿನಲ್ಲಿ ತಿದ್ದುವವರು ಯಾರೂ ಇಲ್ಲ. 'ಅಲೌ' ಎಂಬ ಬಟನ್ ಒತ್ತುವುದೂ ಹೆಬ್ಬೆಟ್ಟು ಒತ್ತುವುದೂ ಒಂದೇ. ತಿಳಿಯದ ಭಾಷೆಯಲ್ಲಿ ಮೊಬೈಲು ಏನನ್ನಾದರೂ ಕೇಳಿದರೆ 'ಬೇಡ' ಎಂಬುದನ್ನೇ ಒತ್ತಿರಿ. ಮೊಬೈಲಿನ ಸೆಟ್ಟಿಂಗಿನಲ್ಲಿ ಭಾಷೆಯನ್ನು ಕನ್ನಡಕ್ಕೂ ಮರಾಠಿಗೂ ಬದಲಿಸಿಕೊಳ್ಳಬಹುದು. ನಿಮಗೆ ಓದಲು ಹಗುರಾದ ಭಾಷೆ ಯಾವುದೋ ಅದನ್ನೇ ಇಟ್ಟುಕೊಳ್ಳಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಫೈಲಿನ ಬದಲು ಲಿಂಕು ಬಂದರೆ ಏನು ಮಾಡಬೇಕು? ಲಿಂಕು ಎಂದರೆ ಒಂದು ವಿಳಾಸ. ಅಂಚೆಯವನು ವಿಳಾಸವನ್ನು ಹೇಗೆ ನೋಡುತ್ತಾನೆ? ಮೊದಲು ಕೊನೆಯ ಸಾಲು, ಅಂದರೆ ಜಿಲ್ಲೆ, ಪಿನ್‌ಕೋಡು. ಆಮೇಲೆ ಊರು, ಆಮೇಲೆ ಹೆಸರು. ಲಿಂಕನ್ನೂ ಹಾಗೆಯೇ ಹಿಂದಿನಿಂದ ಓದಬೇಕು. ಮುಂದಿನ ಎರಡು ಓರೆಗೀಟು ಬಿಟ್ಟು, ಆಮೇಲೆ ಬರುವ ಮೊದಲ ಓರೆಗೀಟಿನ ತನಕ ಇರುವುದೇ ವಿಳಾಸ. ಅದರ ತುದಿಯಲ್ಲಿ ಏನಿದೆ ಎಂದು ನೋಡಿ. ಪಿಎಂ ಕಿಸಾನ್ ಯೋಜನೆಯ ನಿಜವಾದ ವಿಳಾಸ 'ಜಿಒವಿ ಡಾಟ್ ಇನ್' ಎಂದು ಮುಗಿಯುತ್ತದೆ. ಜಿಒವಿ ಡಾಟ್ ಇನ್ ಎಂಬುದು ನಡುವೆ ಬಂದು, ತುದಿಯಲ್ಲಿ ಬೇರೇನೋ ಇದ್ದರೆ, ಲಕೋಟೆಯ ಮೇಲೆ ಅಕ್ಕಲಕೋಟ ಎಂದು ಬರೆದು ಕೊನೆಗೆ ದಿಲ್ಲಿಯ ಪಿನ್‌ಕೋಡು ಹಾಕಿದ ಹಾಗೆ. ಆ ಕಾಗದ ಅಕ್ಕಲಕೋಟಕ್ಕೆ ಬರುವುದಿಲ್ಲ. ಬ್ಯಾಂಕುಗಳಿಗೂ ಹೀಗೊಂದು ಗುರುತು ಇರಲೆಂದು ರಿಸರ್ವ್ ಬ್ಯಾಂಕು 2025ರಲ್ಲಿ 'ಬ್ಯಾಂಕ್ ಡಾಟ್ ಇನ್' ಎಂಬ ವಿಳಾಸವನ್ನು ಗೊತ್ತುಮಾಡಿ, ಆ ವರ್ಷದ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬದಲಾಗಬೇಕೆಂದು ಹೇಳಿತು. ಮೊಟಕು ಮಾಡಿದ, ಅರ್ಥವಾಗದ ಅಕ್ಷರಗಳ ಲಿಂಕಿನಲ್ಲಿ ಯಾವ ಗುರುತೂ ಕಾಣದು. ಅದನ್ನು ಒತ್ತದಿರುವುದೇ ಲೇಸು.

ಕಂಪ್ಯೂಟರಿನ ಬಗ್ಗೆಯೂ ಎರಡು ಮಾತು. ವೈರಸ್ ಎಂಬುದು ಹೊಸದಲ್ಲ. 1986ರಲ್ಲಿ ಪಾಕಿಸ್ತಾನದ ಲಾಹೋರಿನ ಇಬ್ಬರು ಸಹೋದರರು ಬರೆದ 'ಬ್ರೇನ್' ಎಂಬುದು ಫ್ಲಾಪಿಗಳ ಮೂಲಕ ದೇಶವಿದೇಶಗಳಿಗೆ ಹರಡಿತ್ತು. ನಮ್ಮ ಶಾಖೆಗೆ ಲೆಡ್ಜರ್ ಬರೆಯುವ ಯಂತ್ರ ಬಂದಾಗ ಹೊರಗಿನ ಫ್ಲಾಪಿ ಹಾಕಬಾರದೆಂಬ ಕಟ್ಟಪ್ಪಣೆ ಇತ್ತು. ಈಗ ಫ್ಲಾಪಿಯ ಜಾಗಕ್ಕೆ ಪೆನ್‌ಡ್ರೈವ್ ಬಂದಿದೆ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಹಾಕಿ ತಂದ ಪೆನ್‌ಡ್ರೈವನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆಯುವ ಮೊದಲು ವೈರಸ್ ತಪಾಸಣೆ ಮಾಡಿಸಿ. ಅಂಗಡಿಯ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಎಂದೂ ಬಳಸಬೇಡಿ.

ಮೊಬೈಲಾಗಲಿ ಕಂಪ್ಯೂಟರಾಗಲಿ ಅಪ್‌ಡೇಟ್ ಕೇಳಿದರೆ, ಸೆಟ್ಟಿಂಗಿನ ಒಳಗೆ ಹೋಗಿ ಮಾಡಿಸಿಕೊಳ್ಳಿ. ಲಿಂಕಿನಲ್ಲಿ ಬಂದ ಅಪ್‌ಡೇಟ್ ಬೇಡ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ಪಿಡುಗು ಜಗತ್ತಿನ ಲಕ್ಷಗಟ್ಟಲೆ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಕಂಪನಿ ಅದೇ ಮಾರ್ಚ್ ತಿಂಗಳಲ್ಲಿಯೇ ತೇಪೆ ಕೊಟ್ಟಿತ್ತು. ಆ ತೇಪೆ ಹಾಕಿಕೊಂಡವರು ಉಳಿದರು, ನಾಳೆ ನೋಡೋಣ ಎಂದವರು ಸಿಕ್ಕಿಬಿದ್ದರು.

ಇಷ್ಟೆಲ್ಲ ಎಚ್ಚರವಿದ್ದೂ ತಪ್ಪಿ ಒತ್ತಿಬಿಟ್ಟರೆ ಏನು ಗತಿ? ಗಾಬರಿಯಾಗಬೇಡಿ, ನಾಚಿಕೊಂಡು ಮುಚ್ಚಿಡಲೂ ಬೇಡಿ. ಆ ಅಕ್ಕನವರು ಮಗ ಬೈಯುತ್ತಾನೆಂದು ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ನಮ್ಮ ಮನೆಗೆ ಬಂದರು. ಅಷ್ಟರಲ್ಲಿ ಆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರಿತ್ತು. ತಡೆಹಿಡಿಯಲು ಸಿಕ್ಕಿದ್ದು 6,500 ರೂಪಾಯಿ ಮಾತ್ರ. ಚೆಕ್ಕು ಕಳೆದಾಗ ಅದು ಪಾಸಾಗುವ ಮೊದಲು ಸ್ಟಾಪ್ ಪೇಮೆಂಟ್ ಕೊಟ್ಟರೆ ಮಾತ್ರ ಪ್ರಯೋಜನ. ಇದೂ ಹಾಗೆಯೇ.

ಆದ್ದರಿಂದ ಮೊದಲು ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಸಿಮ್ಮನ್ನು ತೆಗೆದು ಮನೆಯಲ್ಲಿರುವ ಹಳೆಯ ಬಟನ್ ಫೋನಿಗೆ ಹಾಕಿದರೆ ಇನ್ನೂ ಒಳ್ಳೆಯದು. ಆ ಕಳ್ಳ ಆ್ಯಪ್ ಅಲ್ಲಿಗೆ ಬರಲಾರದು. ಎರಡನೆಯದಾಗಿ, 1930 ಎಂಬ ನಂಬರಿಗೆ ಫೋನು ಮಾಡಿ. ಒಂಬತ್ತು, ಹತ್ತೊಂಬತ್ತು ಎಂದು ತಪ್ಪಬೇಡಿ. ಒಂದು, ಒಂಬತ್ತು, ಮೂರು, ಸೊನ್ನೆ. ಹಣ ಹೋದ ಹೊತ್ತು, ಮೊತ್ತ, ವ್ಯವಹಾರದ ನಂಬರು ಹೇಳಿ, ಅವರು ಕೊಡುವ ದೂರಿನ ನಂಬರು ಬರೆದಿಟ್ಟುಕೊಳ್ಳಿ. ಮೂರನೆಯದಾಗಿ, ಎಟಿಎಂ ಕಾರ್ಡಿನ ಹಿಂದೆ ಅಚ್ಚಾದ ಬ್ಯಾಂಕಿನ ನಂಬರಿಗೆ ಹೇಳಿ ಕಾರ್ಡು ಮತ್ತು ಮೊಬೈಲ್ ವ್ಯವಹಾರವನ್ನು ನಿಲ್ಲಿಸಿ. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ನಂಬರಿಗೆ ಮಾತ್ರ ಮಾಡಬೇಡಿ, ಅಲ್ಲಿಯೂ ಕಳ್ಳರು ತಮ್ಮ ನಂಬರು ಬರೆದಿಡುತ್ತಾರೆ.

ಆಮೇಲೆ ಶಾಖೆಗೆ ಹೋಗಿ ಅರ್ಜಿ ಬರೆದುಕೊಟ್ಟು, ಅದರ ನಕಲಿನ ಮೇಲೆ ಶಿಕ್ಕೆ ಹಾಕಿಸಿಕೊಳ್ಳಿ. ಅರ್ಜಿ ಮರಾಠಿಯಲ್ಲಿರಲಿ ಕನ್ನಡದಲ್ಲಿರಲಿ, ದಿನಾಂಕ ಮತ್ತು ಶಿಕ್ಕೆ ಮುಖ್ಯ. ಏಕೆಂದರೆ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಗ್ರಾಹಕನ ಅಜಾಗರೂಕತೆಯಿಂದಲೇ ಹಣ ಹೋಗಿದ್ದರೂ, ಅವನು ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕು ಎಂದು ಹೇಳಿತ್ತು. ನೀವು ಯಾವ ಹೊತ್ತಿಗೆ ತಿಳಿಸಿದಿರಿ ಎಂಬುದಕ್ಕೆ ಆ ಶಿಕ್ಕೆಯೇ ಸಾಕ್ಷಿ. ಕೊನೆಗೆ, ತಿಳಿದವರಿಂದ ಆ ಆ್ಯಪ್ ತೆಗೆಸಿ. ಕೆಲವು ತಮ್ಮ ಚಿತ್ರವನ್ನೇ ಮರೆಮಾಡಿಕೊಂಡಿರುತ್ತವೆ. ಹಾಗಾದರೆ ದೂರಿಗೆ ಬೇಕಾದ ಮೆಸೇಜುಗಳ ಫೋಟೋ ಬೇರೆ ಮೊಬೈಲಿನಲ್ಲಿ ತೆಗೆದುಕೊಂಡು, ನಿಮ್ಮ ಮೊಬೈಲನ್ನು ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡುವುದೇ ದಾರಿ. ಪಿನ್ನು, ಪಾಸ್‌ವರ್ಡುಗಳನ್ನು ಬದಲಿಸಿ. ಆ ಫೈಲು ಬಂದ ಗುಂಪಿನವರಿಗೂ ತಿಳಿಸಿ.

ಇಂದು ರಾತ್ರಿ ಊಟವಾದ ಮೇಲೆ ಮನೆಯ ಮಕ್ಕಳನ್ನು ಕೂಡಿಸಿಕೊಂಡು ಒಂದು ಕೆಲಸ ಮಾಡಿ. ಮೊಬೈಲಿನ ಸೆಟ್ಟಿಂಗಿನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಎಂದು ಹುಡುಕಿ. ಅದರಲ್ಲಿ ವಾಟ್ಸಾಪ್ ಹೆಸರಿನ ಮುಂದೆ ಒಪ್ಪಿಗೆ ಇದ್ದರೆ ತೆಗೆದುಹಾಕಿ. ಪ್ಲೇ ಸ್ಟೋರಿನಲ್ಲಿ 'ಪ್ಲೇ ಪ್ರೊಟೆಕ್ಟ್' ಚಾಲೂ ಇದೆಯೇ ನೋಡಿ. ಯಾವ ಯಾವ ಆ್ಯಪ್‌ಗೆ ಮೆಸೇಜು ಓದುವ ಪರವಾನಗಿ ಇದೆ ಎಂದು ನೋಡಿ, ಬೇಡವಾದವುಗಳಿಂದ ಕಿತ್ತುಕೊಳ್ಳಿ. ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ 1930 ಎಂದು ದೊಡ್ಡದಾಗಿ ಬರೆಯಿರಿ.

ಆ ಅಕ್ಕನವರು ಈಗಲೂ ಮೊಬೈಲು ಇಟ್ಟುಕೊಂಡಿದ್ದಾರೆ. ಪುಣೆಯಲ್ಲಿರುವ ಮಗನೊಡನೆ ಮಾತಾಡದೆ ಇರಲಾದೀತೇ? ಆದರೆ ಪರದೆಯ ಮೇಲೆ ಏನಾದರೂ ತಿಳಿಯದ್ದು ಬಂದರೆ ನಮ್ಮ ಕಟ್ಟೆಗೆ ಬಂದು, "ಅಣ್ಣಾರ, ಇದು ಏನ್ ಕೇಳಾಕತ್ತದ ನೋಡ್ರಿ, ಆಮ್ಯಾಲ ಹೋ ಅಂತೀನಿ" ಎನ್ನುತ್ತಾರೆ. ನೀವೂ ಕೇಳಿ, ತಿಳಿದುಕೊಂಡು, ಆಮೇಲೆಯೇ ಒತ್ತಿರಿ.