ಕಾಟಾದ ತೂಕ ಕಂಪ್ಯೂಟರಿಗೆ ತಲುಪದಿದ್ದಾಗ: ಹಳೆಯ ಯುನಿಕ್ಸ್ ಯಂತ್ರಗಳ ಸೀರಿಯಲ್ ಪೋರ್ಟ್ ದೋಷಗಳು

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ಕಬ್ಬಿನ ಸೀಮೆ. ನಿಪ್ಪಾಣಿಯು ತಂಬಾಕಿನ ಪೇಟೆ. ಎರಡೂ ತೂಕವನ್ನೇ ಆಧರಿಸಿದ ವ್ಯವಹಾರಗಳು. ಬಿಲ್ಲು, ದಾಸ್ತಾನು, ಸಾಗಣೆ ಬಾಡಿಗೆ, ತೆರಿಗೆ ಇವೆಲ್ಲಕ್ಕೂ ಮೂಲ ದಾಖಲೆ ತೂಕದ ಚೀಟಿಯೇ ಆಗಿರುತ್ತದೆ.

1990ರ ದಶಕದಲ್ಲಿ ನಮ್ಮ ದೇಶದ ಅನೇಕ ಬ್ಯಾಂಕುಗಳೂ ಕಾರ್ಖಾನೆಗಳೂ ಎಸ್‌ಸಿಓ ಯುನಿಕ್ಸ್‌ನಂತಹ ವ್ಯವಸ್ಥೆಗಳನ್ನು ಅಳವಡಿಸಿಕೊಂಡವು. ಹಳೆಯ ಲೆಕ್ಕಪತ್ರಗಳಿಗಾಗಿಯೋ ಹೊಸ ಪ್ರೋಗ್ರಾಂ ಬರೆಸುವ ಖರ್ಚನ್ನು ತಪ್ಪಿಸಲೋ ಅಂತಹ ಯಂತ್ರವನ್ನು ಇಂದಿಗೂ ಉಳಿಸಿಕೊಂಡಿರುವವರಿಗೆ ಕಾಟಾ ಮತ್ತು ಕಂಪ್ಯೂಟರಿನ ನಡುವಣ ಸಂಪರ್ಕವೇ ದೊಡ್ಡ ತಲೆನೋವು. ತೂಕ ಬಾರದೆ ನಿಂತರೆ ತಕ್ಷಣ ತಿಳಿಯುತ್ತದೆ. ತಪ್ಪು ತೂಕ ಬಂದರೆ ತಿಳಿಯುವುದಿಲ್ಲ. ಆದ್ದರಿಂದ ಈ ದೋಷಗಳ ಪರಿಚಯ ಮಾಲೀಕರಿಗೂ ಅವಶ್ಯ.

1. ತಂತಿಯ ಪರೀಕ್ಷೆ

ಕಾಟಾದ ಇಂಡಿಕೇಟರ್ ತೂಕದ ಅಂಕಿಗಳನ್ನು ಒಂದರ ಹಿಂದೊಂದರಂತೆ ಕಳುಹಿಸುವ ಮಾರ್ಗವೇ ಸೀರಿಯಲ್ ಪೋರ್ಟ್. ಇದರ ಆರ್‌ಎಸ್-232 ಮಾನದಂಡ 1960ರಷ್ಟು ಹಳೆಯದು. ಸಾಮಾನ್ಯವಾಗಿ ಇದಕ್ಕೆ ಮೂರು ತಂತಿಗಳು ಸಾಕು: ಕಳುಹಿಸಲು ಒಂದು, ಪಡೆಯಲು ಒಂದು, ಗ್ರೌಂಡ್ ಒಂದು. ಕಂಪ್ಯೂಟರಿನ 9 ಪಿನ್ನಿನ ಪೋರ್ಟಿನಲ್ಲಿ 2ನೆಯದು ಪಡೆಯುವ ಪಿನ್, 3ನೆಯದು ಕಳುಹಿಸುವ ಪಿನ್, 5ನೆಯದು ಗ್ರೌಂಡ್. ಹಳೆಯ 25 ಪಿನ್ನಿನ ಪೋರ್ಟಿನಲ್ಲಿ 2 ಮತ್ತು 3 ಅದಲುಬದಲಾಗಿದ್ದು, ಗ್ರೌಂಡ್ 7ನೆಯದಾಗಿರುತ್ತದೆ. ಕೇಬಲ್ ಬದಲಿಸಿದ ಮೇಲೆ ತೂಕ ನಿಂತಿದ್ದರೆ ಮೊದಲು ಈ ವ್ಯತ್ಯಾಸವನ್ನು ನೋಡಬೇಕು.

ಪೋರ್ಟಿನ 2 ಮತ್ತು 3ನೆಯ ಪಿನ್ನುಗಳನ್ನು ಪರಸ್ಪರ ಜೋಡಿಸಿ ಅಕ್ಷರಗಳನ್ನು ಕಳುಹಿಸಿದಾಗ ಅವೇ ಮರಳಿ ಬಂದರೆ ಪೋರ್ಟ್ ಸರಿಯಿದೆಯೆಂದೂ ದೋಷ ಕೇಬಲಿನಲ್ಲಿ, ಇಂಡಿಕೇಟರಿನಲ್ಲಿ ಅಥವಾ ಹೊಂದಾಣಿಕೆಯಲ್ಲಿ ಇದೆಯೆಂದೂ ತಿಳಿಯಬಹುದು. ಈ ಮಾನದಂಡದ ಕೇಬಲಿಗೆ ಸುಮಾರು 15 ಮೀಟರ್ ಸುರಕ್ಷಿತ ಉದ್ದ. ಕಾಟಾ ದೂರವಿದ್ದರೆ ಸುಮಾರು 1,200 ಮೀಟರಿನವರೆಗೆ ಸಾಗಬಲ್ಲ ಆರ್‌ಎಸ್-485 ಪರಿವರ್ತಕವನ್ನು ಬಳಸುವುದು ಲೇಸು.

2. ವೇಗ ಮತ್ತು ಪ್ಯಾರಿಟಿ

ಇಂಡಿಕೇಟರ್ ಮತ್ತು ಕಂಪ್ಯೂಟರ್ ಒಂದೇ ವೇಗ, ಒಂದೇ ಬಿಟ್ ಸಂಖ್ಯೆ ಹಾಗೂ ಒಂದೇ ಪ್ಯಾರಿಟಿಯಲ್ಲಿರಬೇಕು. ಯುನಿಕ್ಸ್‌ನಲ್ಲಿ ಇದನ್ನು ಎಸ್‌ಟಿಟಿವೈ ಆಜ್ಞೆಯಿಂದ ನೋಡಿ ಬದಲಿಸಬಹುದು. ವೇಗ ತಪ್ಪಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುವುದರಿಂದ ದೋಷ ಬೇಗ ತಿಳಿಯುತ್ತದೆ. ಪ್ಯಾರಿಟಿಯ ದೋಷ ಹೆಚ್ಚು ಅಪಾಯಕಾರಿ. ಇಂಡಿಕೇಟರ್ 7 ಬಿಟ್ ಹಾಗೂ ಸಮ ಪ್ಯಾರಿಟಿಯಲ್ಲಿ ಕಳುಹಿಸಿದ್ದನ್ನು ಕಂಪ್ಯೂಟರ್ 8 ಬಿಟ್, ಪ್ಯಾರಿಟಿ ರಹಿತವೆಂದು ಓದಿದರೆ 0, 3, 5, 6, 9 ಸರಿಯಾಗಿಯೇ ಬರುತ್ತವೆ. 1, 2, 4, 7, 8 ಮಾತ್ರ ವಿಕಾರಗೊಳ್ಳುತ್ತವೆ. ಅಂಕಿಯಲ್ಲದ್ದನ್ನೆಲ್ಲ ಬಿಟ್ಟುಬಿಡುವ ಪ್ರೋಗ್ರಾಂ ಇದ್ದಲ್ಲಿ 12,350 ಕಿ.ಗ್ರಾಂ. ತೂಕ ಚೀಟಿಯಲ್ಲಿ 350 ಆಗಿಬಿಡುತ್ತದೆ.

3. ಪೋರ್ಟನ್ನು ಆಕ್ರಮಿಸಿದ ಲಾಗಿನ್

ಹಿಂದೆ ಟರ್ಮಿನಲ್ ಇದ್ದ ಪೋರ್ಟಿಗೆ ಈಗ ಕಾಟಾ ಜೋಡಿಸಿದ್ದರೆ, ಅಲ್ಲಿ ಗೆಟ್ಟಿ ಎಂಬ ಲಾಗಿನ್ ಪ್ರೋಗ್ರಾಂ ಇನ್ನೂ ಕಾಯುತ್ತಿರಬಹುದು. ಅದು ಬಂದ ತೂಕವನ್ನು ಬಳಕೆದಾರನ ಹೆಸರೆಂದು ಭಾವಿಸಿ ನುಂಗಿಬಿಡುತ್ತದೆ. ಕೆಲವು ತೂಕ ಬಂದು ಕೆಲವು ಬಾರದಿರುವುದು ಇದರ ಲಕ್ಷಣ. ಎಸ್‌ಸಿಓದಲ್ಲಿ ಡಿಸೇಬಲ್ ಆಜ್ಞೆಯಿಂದ ಆ ಪೋರ್ಟಿನ ಲಾಗಿನ್ ನಿಲ್ಲಿಸಬೇಕು. ಅಲ್ಲದೆ ಎಸ್‌ಸಿಓದಲ್ಲಿ ಒಂದೇ ಪೋರ್ಟಿಗೆ ಎರಡು ಹೆಸರುಗಳಿವೆ: ಟಿಟಿವೈ1 ನಂತರ ಇಂಗ್ಲಿಷಿನ ಸಣ್ಣ ಎ ಅಕ್ಷರವಿದ್ದರೆ ಮೋಡೆಮ್ ನಿಯಂತ್ರಣವಿಲ್ಲದ್ದು, ದೊಡ್ಡ ಎ ಇದ್ದರೆ ನಿಯಂತ್ರಣವುಳ್ಳದ್ದು. ಎರಡನೆಯದನ್ನು ಬಳಸಿದರೆ, ಮೂರೇ ತಂತಿಗಳ ಕೇಬಲಿನಲ್ಲಿ ಕ್ಯಾರಿಯರ್ ಸಂಕೇತ ಇರದ ಕಾರಣ ಪ್ರೋಗ್ರಾಂ ಕಾಯುತ್ತಲೇ ಕುಳಿತುಬಿಡುತ್ತದೆ.

4. ಹಿಂದಿನ ಗಾಡಿಯ ತೂಕ

ನಿರಂತರವಾಗಿ ತೂಕ ಕಳುಹಿಸುವ ಇಂಡಿಕೇಟರುಗಳಲ್ಲಿ, ಓದದೆ ಉಳಿದ ಅಂಕಿಗಳು ಕಂಪ್ಯೂಟರಿನ ಬಫರಿನಲ್ಲಿ ಸಂಗ್ರಹವಾಗಿರುತ್ತವೆ. ಪ್ರೋಗ್ರಾಂ ಅದನ್ನು ಖಾಲಿ ಮಾಡದೆ ಓದಿದರೆ ಹಿಂದಿನ ಟ್ರ್ಯಾಕ್ಟರಿನ ತೂಕ ಈಗಿನದಕ್ಕೆ ನಮೂದಾಗಬಹುದು. ಉದಾಹರಣೆಗೆ, 17,960 ಕಿ.ಗ್ರಾಂ. ಬದಲು 18,420 ನಮೂದಾದರೆ ವ್ಯತ್ಯಾಸ 460 ಕಿ.ಗ್ರಾಂ. 2025-26ರ ಹಂಗಾಮಿಗೆ ಶೇ. 10.25 ಇಳುವರಿಯ ಕಬ್ಬಿಗೆ ಕೇಂದ್ರ ಸರಕಾರ ನಿಗದಿಪಡಿಸಿದ ಕ್ವಿಂಟಲಿಗೆ 355 ರೂ. ದರದಂತೆ ಇದು 1,633 ರೂಪಾಯಿ. ತೂಕ ಸಂಭವನೀಯವಾಗಿಯೇ ಕಾಣುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಪ್ರತಿ ಓದಿಗೆ ಮುನ್ನ ಬಫರನ್ನು ಬರಿದು ಮಾಡುವಂತೆ ಪ್ರೋಗ್ರಾಂ ತಿದ್ದಿಸಬೇಕು.

5. ಲೆಕ್ಕಪತ್ರದ ದೃಷ್ಟಿಯಿಂದ

ಸಂಪರ್ಕ ಕೆಟ್ಟಾಗ ತೂಕವನ್ನು ಕೈಯಿಂದ ನಮೂದಿಸುವುದು ಅನಿವಾರ್ಯ. ಆದರೆ ಅಂತಹ ಪ್ರತಿ ನಮೂದಿಗೂ ಪ್ರತ್ಯೇಕ ವಹಿ ಇರಬೇಕು. ಸಮಯ, ವಾಹನ ಸಂಖ್ಯೆ, ಇಂಡಿಕೇಟರಿನಲ್ಲಿ ಕಂಡ ತೂಕ ಹಾಗೂ ಇಬ್ಬರ ಸಹಿ ಅದರಲ್ಲಿರಬೇಕು. ಯಂತ್ರದ ತೂಕಕ್ಕೂ ಕೈಬರಹದ ತೂಕಕ್ಕೂ ಭೇದ ಕಾಣದ ಲೆಕ್ಕದಲ್ಲಿ, ವಿವಾದ ಬಂದಾಗ ಪ್ರಾಮಾಣಿಕ ವರ್ತಕನೂ ತನ್ನ ಮಾತನ್ನು ಸಿದ್ಧಪಡಿಸಲಾರ.

ದುರಸ್ತಿಯ ನೆಪದಲ್ಲಿ ಇಂಡಿಕೇಟರಿನ ಮುದ್ರೆಯನ್ನು ಒಡೆಯಲೇಬಾರದು. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಪರಿಶೀಲನೆ ಮತ್ತು ಮುದ್ರೆ ಇಲ್ಲದ ತೂಕದ ಸಾಧನವನ್ನು ವ್ಯವಹಾರದಲ್ಲಿ ಬಳಸುವಂತಿಲ್ಲ. ಹೊಂದಾಣಿಕೆಯನ್ನು ಸಾಧ್ಯವಾದಷ್ಟು ಕಂಪ್ಯೂಟರಿನ ಕಡೆಯಿಂದಲೇ ಮಾಡಬೇಕು.

ಹಳೆಯ ಯಂತ್ರವನ್ನು ಬದಲಿಸಿದರೂ ಅದರಲ್ಲಿನ ದಾಖಲೆಗಳನ್ನು ಅಳಿಸಬಾರದು. ಜಿಎಸ್‌ಟಿ ಕಾಯ್ದೆಯ 36ನೆಯ ಸೆಕ್ಷನ್ನಿನಂತೆ ಲೆಕ್ಕಪತ್ರಗಳನ್ನು, ಆ ವರ್ಷದ ವಾರ್ಷಿಕ ರಿಟರ್ನಿನ ಕಡೆಯ ದಿನದಿಂದ 72 ತಿಂಗಳವರೆಗೆ ಕಾಯ್ದಿಡಬೇಕು.

ಹಂಗಾಮು ಆರಂಭವಾಗುವ ಮೊದಲೇ ಒಂದು ದಿನ ಬಿಡುವು ಮಾಡಿಕೊಂಡು, ಹತ್ತು ವಾಹನಗಳ ತೂಕವನ್ನು ಇಂಡಿಕೇಟರಿನಲ್ಲಿ ಓದಿ ಚೀಟಿಯೊಡನೆ ತಾಳೆ ನೋಡಿರಿ. ಎರಡೂ ಒಂದೇ ಆಗಿದ್ದರೆ ಯಂತ್ರ ಹಳೆಯದೆಂಬ ಚಿಂತೆ ಬೇಡ. ಒಂದೇ ಒಂದು ಚೀಟಿ ತಾಳೆಯಾಗದಿದ್ದರೂ ಕಾರಣ ತಿಳಿಯುವವರೆಗೆ ಆ ಸಂಪರ್ಕವನ್ನು ನಂಬಬೇಡಿರಿ.